ಮೊಲೆಕನಿಗೆ ಎತ್ತಿನ ತಲೆ ಎಲ್ಲಿಂದ ಬಂತು?

ಪ್ರಶ್ನೆ:
ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತೇನೆ. ಈ ವಾರ ಯೆಹೂದದ ಅರಸ ಯೋಷೀಯನ ಕಥೆ. 2 ಅರಸುಗಳು 23:10ರಲ್ಲಿರುವುದು ಇಷ್ಟೇ: ಯಾರೂ ತಮ್ಮ ಮಗನನ್ನೋ ಮಗಳನ್ನೋ ಮೊಲೆಕನೆಂಬ ದೇವರಿಗಾಗಿ ಬೆಂಕಿ ದಾಟಿಸಬಾರದೆಂದು ಅವನು ಹಿನ್ನೋಮ್ ಕಣಿವೆಯ ತೋಫೆತ್ ಎಂಬ ಬಲಿಯ ಸ್ಥಳವನ್ನು ಅಪವಿತ್ರಗೊಳಿಸಿದ. ಆದರೆ ಚಿತ್ರ ಹುಡುಕಿದರೆ ಎಲ್ಲೆಲ್ಲೂ ಎತ್ತಿನ ತಲೆಯ ಕಂಚಿನ ವಿಗ್ರಹ, ಚಾಚಿದ ಕೈಗಳು, ಹೊಟ್ಟೆಯಲ್ಲಿ ಬೆಂಕಿ. ಯಾಜಕಕಾಂಡದ 18, 20ನೇ ಅಧ್ಯಾಯ ಮತ್ತೆ ಮತ್ತೆ ಓದಿದೆ, ಆ ರೂಪ ಸಿಗಲಿಲ್ಲ. ಇಲ್ಲದ್ದನ್ನು ಮಕ್ಕಳಿಗೆ ತೋರಿಸಲು ಮನಸ್ಸಿಲ್ಲ. ಬಲ್ಲವರು ತಿಳಿಸಿ.

ಉತ್ತರ 1:
ಮೇಡಂ, ನೀವು ಓದಿದ್ದು ಸರಿ. ಹೀಬ್ರೂ ಗ್ರಂಥದಲ್ಲಿ ಅವನ ರೂಪದ ವರ್ಣನೆಯೇ ಇಲ್ಲ. ಚಾಚಿದ ಕೈಗಳ ಕಂಚಿನ ವಿಗ್ರಹ ಗ್ರೀಕ್ ಇತಿಹಾಸಕಾರ ದಿಯೊಡೋರಸ್ ಬರೆದದ್ದು, ಅದೂ ಉತ್ತರ ಆಫ್ರಿಕಾದ ಪ್ರಾಚೀನ ನಗರ ಕಾರ್ತೇಜಿನ ದೇವರು ಕ್ರೋನೊಸ್ ಬಗ್ಗೆ. 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ, ಯೆರೆಮೀಯ 7:31ಕ್ಕೆ ಬರೆದ ವ್ಯಾಖ್ಯಾನದಲ್ಲಿ, ಕಾಯಿಸಿದ ಲೋಹದ ವಿಗ್ರಹದ ಕೈಗಳಲ್ಲಿ ಮಗುವನ್ನಿಡುತ್ತಿದ್ದರು, ಅಳು ತಂದೆಗೆ ಕೇಳಿಸದಿರಲೆಂದು ತಮಟೆ ಬಡಿಯುತ್ತಿದ್ದರು ಎನ್ನುತ್ತಾರೆ. ಕರುವಿನ ಮುಖ ಬರುವುದು ಮಧ್ಯಯುಗದ ಯೆಹೂದಿ ಸಂಕಲನದಲ್ಲಿ. ಆ ತಮಟೆಯ ಮಾತು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಉತ್ತರ 2:
ಮೊಲೆಕ್ ದೇವರೇ ಅಲ್ಲ ಎನ್ನುವ ವಾದವೂ ಇದೆ. ಕಾರ್ತೇಜ್ ಪ್ರದೇಶದ ಶಾಸನಗಳಲ್ಲಿ 'ಮೋಲ್ಕ್' ಒಂದು ಬಗೆಯ ಬಲಿಯ ಹೆಸರು, ಹೀಬ್ರೂವಿನಲ್ಲೂ ಅದೇ ಅರ್ಥ ಎಂದು 1935ರಲ್ಲಿ ಜರ್ಮನ್ ವಿದ್ವಾಂಸ ಐಸ್‌ಫೆಲ್ಟ್ ವಾದಿಸಿದರು. ನಾನು ಪೂರ್ತಿ ಒಪ್ಪುವುದಿಲ್ಲ. ಯಾಜಕಕಾಂಡ 20:5 ಮೊಲೆಕನ ಹಿಂದೆ ಹೋಗಿ ದೇವದ್ರೋಹ ಮಾಡುವವರ ಬಗ್ಗೆ ಹೇಳುತ್ತದೆ. ಬಲಿಯ ಹಿಂದೆ ಯಾರು ಹೋಗುತ್ತಾರೆ?

ನನ್ನನ್ನು ಹೆಚ್ಚು ಕಾಡುವುದು ಪ್ರವಾದಿ ಯೆರೆಮೀಯ. 7:31, 19:5, 32:35, ಮೂರು ಕಡೆಯೂ ದೇವರು 'ಇದನ್ನು ನಾನು ಆಜ್ಞಾಪಿಸಲಿಲ್ಲ, ಇದು ನನ್ನ ಮನಸ್ಸಿಗೂ ಬರಲಿಲ್ಲ' ಎನ್ನುತ್ತಾನೆ. ಇಷ್ಟು ಒತ್ತಿ ಅಲ್ಲಗಳೆಯಬೇಕಾದರೆ, ಕೂಸನ್ನು ಹೊತ್ತು ಕಣಿವೆಗಿಳಿದವರು ತಮ್ಮ ದೇವರಾದ ಯೆಹೋವನೇ ಕೇಳಿದ್ದಾನೆಂದು ನಂಬಿರಬೇಕು. ಆಹಾಜ, ಮನಸ್ಸೆ ಇಬ್ಬರೂ ಯೆಹೂದದ ಅರಸರೇ, ಅವರೂ ಮಗನನ್ನು ಬೆಂಕಿ ದಾಟಿಸಿದರು. ತಪ್ಪನ್ನೆಲ್ಲ ಪರದೇಶದ ವಿಗ್ರಹವೊಂದರ ಮೇಲೆ ಹೊರಿಸಿದರೆ ಪ್ರವಾದಿಯ ಸಂಕಟ ನಮಗೆ ತಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆ. 'ದಾಟಿಸು' ಅಂದರೆ ಬರೀ ಶುದ್ಧೀಕರಣದ ವಿಧಿಯಿರಬಹುದು ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ 7:31 ತೆಗೆದು ನೋಡಿದೆ, 'ಸುಡುವುದು' ಎಂದೇ ಇದೆ. ವಿಗ್ರಹದ ಚಿತ್ರ ಕೈಬಿಟ್ಟೆ. ಯೆರೂಸಲೇಮಿನ ಗೋಡೆಯನ್ನೂ ಅದರ ಬುಡದಲ್ಲೇ ಇರುವ ಕಣಿವೆಯನ್ನೂ ಬರೆದು ತೋರಿಸುತ್ತೇನೆ.