ಅಪ್‌ಡೇಟ್: ಹುಷಾರಿಲ್ಲದ ಬಾಸ್‌ಗೆ ಜಪಾನಿ ಭಾಷೆಯಲ್ಲಿ ಏನಂತ ಬರೆದೆ

ಆಪರೇಷನ್ ಆಗಿರುವ ನಮ್ಮ ಬಾಸ್‌ಗೆ ಜಪಾನಿಯಲ್ಲಿ ಏನು ಬರೆಯಲಿ ಅಂತ ಹೋದ ತಿಂಗಳು ಕೇಳಿದ್ದೆ. ಯೊಕೊಹಾಮಾಗೆ ಬಂದು ಒಂದೇ ವರ್ಷ, ಭಾಷೆ ಇನ್ನೂ ಅರೆಬರೆ. ಬರೀ 'ಒದೈಜಿನಿ' ಸಲುಗೆಯ ಮಾತಾಯ್ತು, ದೊಡ್ಡವರಿಗೆ 'ಒದೈಜಿನಿ ನಸತ್ತೆ ಕುದಸಾಯ್' ಅನ್ನಿ ಅಂದಿರಿ. ಅದನ್ನೇ ಬರೆದೆ. 'ದೈಜಿ' ಅಂದರೆ ಮುಖ್ಯವಾದದ್ದು, ಜೋಪಾನ ಮಾಡಬೇಕಾದದ್ದು. ನಮ್ಮ 'ಮೈ ನೋಡ್ಕೊಳ್ಳಿ'ಗೆ ಹತ್ತಿರ, ಅಲ್ವಾ?

ಹುರಿದುಂಬಿಸೋಕೆ ಹೇಳುವ 'ಗಂಬತ್ತೆ' (ಪ್ರಯತ್ನ ಬಿಡಬೇಡಿ) ಸೇರಿಸೋಣ ಅಂತಿದ್ದೆ. ಪಕ್ಕದ ಸೀಟಿನವರು ತಡೆದರು. ಮಲಗಿರುವವರಿಗೆ ಇನ್ನೂ ಕಷ್ಟಪಡಿ ಅಂದ ಹಾಗೆ ಕೇಳಿಸಬಹುದಂತೆ. ಅದರ ಬದಲು 'ಗೊಹೆನ್‌ಶಿನ್ ವಾ ಫುಯೋ ದೆಸು' ಹಾಕಿಸಿದರು: ಉತ್ತರ ಬರೆಯಬೇಕಾಗಿಲ್ಲ ಅಂತ. ಇದು ನನಗೆ ಬಹಳ ಹಿಡಿಸಿತು. ಏನು ಕಾಯಿಲೆ, ಯಾವ ಡಾಕ್ಟರು ಅಂತ ವಿಚಾರಿಸಲೂ ಇಲ್ಲ. ನಮ್ಮ ಕಡೆ ಕೇಳದಿದ್ದರೇ ತಪ್ಪು!

ಕುಂಡದ ಗಿಡ ಕೊಡೋ ಯೋಚನೆಯನ್ನೂ ಬಿಟ್ಟೆ. ಬೇರೂರುವುದಕ್ಕೆ 'ನೆಜುಕು' ಅಂತಾರೆ, ಕಾಯಿಲೆಯಿಂದ ಹಾಸಿಗೆ ಹಿಡಿಯುವುದಕ್ಕೆ 'ನೆತ್ಸುಕು'. ಉಚ್ಚಾರ ಹತ್ತಿರವಾದ್ದರಿಂದ ಅಪಶಕುನ.

ಸೋಮವಾರ ಬಾಸ್ ಆಫೀಸಿಗೆ ಬಂದರು. ನಾನು ಬಾಯಿ ತೆರೆಯೋ ಮೊದಲೇ ತಲೆಬಾಗಿ 'ಗೊಶಿಂಪಾಯ್ ಒ ಒಕಾಕೆ ಶಿಮಾಶಿತಾ' ಅಂದರು. ನಿಮಗೆ ಚಿಂತೆ ತಂದೆ ಅಂತ, ಹುಷಾರು ತಪ್ಪಿದ್ದವರೇ ಹೇಳೋದು! ಜೊತೆಗೆ ಎಲ್ಲರಿಗೂ ಒಂದೊಂದು ಬಿಸ್ಕತ್ ಪೊಟ್ಟಣ. ಚೇತರಿಸಿಕೊಂಡವರು ಹೀಗೆ ಕೊಡುವುದಕ್ಕೆ 'ಕೈಕಿ ಇವಾಯ್' ಅಂತಾರೆ. ತಿಂದು ಮುಗಿಯುವ ತಿಂಡಿ, ಕರಗಿಹೋಗುವ ಸೋಪು ಇಂಥವೇ ಜಾಸ್ತಿ, ಕಾಯಿಲೆ ಉಳಿಯಬಾರದು ಅಂತ. ನನ್ನದು ಮಧ್ಯಾಹ್ನದೊಳಗೇ ಮುಗಿಯಿತು.