ಬಂಡೆ ಸಂದೀಲಿ ಚುಕ್ಕೆ ಎಲೆ ಗಿಡ, ಇದು ಕಾಡು ಈರುಳ್ಳಿನಾ?

ಗುಡ್ಡದಹಾದಿ:
ಎಲ್ರಿಗೂ ನಮಸ್ಕಾರ, ನಮ್ದು ತಾಳವಾಡಿ ಕಡೆ. ಹೋದ ವಾರ ಎರಡು ಮಳೆ ಬಿತ್ತು, ಆಮೇಲೆ ಆಡು ಹೊಡ್ಕೊಂಡು ಗುಡ್ಡಕ್ಕೆ ಹೋದಾಗ ಬಂಡೆ ಸಂದೀಲಿ ಒಂದು ಪುಟ್ಟ ಗಿಡ ನೋಡ್ದೆ, ಗೇಣುದ್ದನೂ ಇಲ್ಲ, ನಾಕೈದು ಎಲೆ ನೆಲಕ್ಕೆ ಒರಗಿವೆ, ಎಲೆ ಮೇಲೆಲ್ಲಾ ಕಡುನೇರಳೆ ಚುಕ್ಕೆ, ನಡುವೆ ಒಂದು ಕಡ್ಡಿ ಎದ್ದು ಅದ್ರ ತುಂಬ ಚಿಕ್ಕಚಿಕ್ಕ ಹೂವು, ಹಸಿರೂ ನೇರಳೆನೂ ಬೆರ್ತಂಗೆ. ಮಣ್ಣು ಕೆದಕಿದ್ರೆ ಈರುಳ್ಳಿ ಥರಾನೇ ಗೆಡ್ಡೆ. ನಮ್ಮಜ್ಜಿ ಕಾಡು ಈರುಳ್ಳಿ ಕಣಪ್ಪ, ಆಡು ಬಾಯಿ ಹಾಕ್ದಂಗೆ ನೋಡ್ಕೋ ಅಂದ್ರು. ಅದೇನಾ?

ರಾಗಿಹೊಲ:
ಅದೇ ಅಣ್ಣ, ನಮ್ ಡೆಂಕಣಿಕೋಟೆ ಕಡೆ ಬೇಕಾದಷ್ಟಿದೆ.

ಹೂವಿನಕ್ಕ:
ಇಲ್ಲ ತಮ್ಮ, ಚುಕ್ಕೆ ಇದೆ ಅಂದ್ಯಲ್ಲ, ಅದೇ ಗುರ್ತು. ಕಾಡು ಈರುಳ್ಳಿ ಅಂದ್ರೆ ಡ್ರಿಮಿಯಾ ಇಂಡಿಕಾ, ಅದ್ರ ಎಲೇಲಿ ಚುಕ್ಕೆ ಇರಲ್ಲ, ಹೂ ಬಿಡೋವಾಗ ಎಲೆನೇ ಇರಲ್ಲ, ಬರೀ ಉದ್ದನೆ ಕಡ್ಡಿ ಎದ್ದು ಸಂಜೆ ಮೇಲೆ ಹೂ ಅರಳತ್ತೆ. ನೀನು ನೋಡಿರೋದು ಲೆಡೆಬೌರಿಯಾ ರೆವಲ್ಯೂಟಾ, ಹಳೇ ಪುಸ್ತಕಗಳಲ್ಲಿ ಸಿಲ್ಲಾ ಹಯಾಸಿಂಥಿನಾ ಅಂತಿರತ್ತೆ. ಹೂವಿನ ಆರು ಎಸಳೂ ಹಿಂದಕ್ಕೆ ಮಡ್ಚಿರತ್ತೆ, ಕೇಸರದ ಕಡ್ಡಿ ನೇರಳೆ, ಬಗ್ಗಿ ನೋಡ್ಬೇಕು ಅಷ್ಟು ಚಂದ. ಈ ಕುಲದ ಗಿಡಗಳು ಜಾಸ್ತಿ ಇರೋದು ದಕ್ಷಿಣ ಆಫ್ರಿಕಾದಲ್ಲಿ, ಆದ್ರೆ 1821ರಲ್ಲಿ ರೋತ್ ಅನ್ನೋರು ಕುಲಕ್ಕೆ ಹೆಸ್ರಿಟ್ಟಿದ್ದು ನಮ್ ಇಂಡಿಯಾದ ಗಿಡ ನೋಡಿ, ನಂಗಂತೂ ಇದು ತುಂಬ ಹೆಮ್ಮೆ. ಆ ಹೆಸ್ರು ಬಂದಿದ್ದು ಲೆಡೆಬೌರ್ ಅನ್ನೋರಿಂದ, ಅವ್ರು ಮಧ್ಯ ಏಷ್ಯಾದ ಆಲ್ಟಾಯ್ ಬೆಟ್ಟದ ಸಸ್ಯಗಳ ಬಗ್ಗೆ ಬರ್ದ ಸಸ್ಯಶಾಸ್ತ್ರಿ.
ಅಜ್ಜಿ ಮಾತು ಮಾತ್ರ ಬಿಡ್ಬೇಡ. ಡ್ರಿಮಿಯಾ ಗೆಡ್ಡೇಲಿ ಹೃದಯಕ್ಕೆ ಹೊಡೆಯೋ ವಿಷ ಇದೆ, ಮೆಡಿಟರೇನಿಯನ್ ಕಡೆ ಅದ್ರ ಜಾತೀದೇ ಇನ್ನೊಂದನ್ನ ಇಲಿ ಪಾಷಾಣಕ್ಕೆ ಬಳಸ್ತಿದ್ರು. ಎರಡೂ ಒಂದೇ ಗುಡ್ಡದಲ್ಲಿ ಇರ್ಬೋದು, ಅದಕ್ಕೆ ಆಡನ್ನ ಎರಡರ ಹತ್ರನೂ ಬಿಡ್ಬೇಡ. ಇನ್ನೊಂದು, ಮತ್ತೆ ಕೆದಕ್ಬೇಡ, ಮಣ್ಣು ಮುಚ್ಬಿಡು. ಎಲೆ ತುದಿ ನೆಲ ಮುಟ್ಟಿರೋ ಕಡೆ ನೋಡು, ಒಂದೊಂದ್ಸಲ ಅಲ್ಲೇ ಬೇರು ಬಿಟ್ಟು ಮರಿ ಹುಟ್ಟತ್ತೆ.

ರಾಗಿಹೊಲ:
ಹೌದಾ ಅಕ್ಕ, ನಮ್ಮಲ್ಲಿರೋದು ಉದ್ದ ಕಡ್ಡಿದು, ಹೂ ಬಿಟ್ಟಾಗ ಎಲೆ ನೋಡಿದ್ ನೆನಪೇ ಇಲ್ಲ. ಹಂಗಾದ್ರೆ ನಮ್ದು ಡ್ರಿಮಿಯಾನೇ ಇರ್ಬೇಕು.

ಗುಡ್ಡದಹಾದಿ:
ಅಕ್ಕ, ಬೆಳಿಗ್ಗೆನೇ ಹೋಗಿ ಮಣ್ಣು ಮುಚ್ಚಿ ಬಂದೆ. ಒಂದು ಎಲೆ ತುದೀಲಿ ಮೆಣಸಿನ ಕಾಳಷ್ಟು ಗೆಡ್ಡೆ ಕೂತಿದೆ, ಎರಡು ಬಿಳಿ ಬೇರೂ ಬಂದಿದೆ! ಆಡು ಆ ಕಡೆ ಬರ್ದಂಗೆ ಸುತ್ತ ಮುಳ್ಳು ಇಟ್ಟು ಬಂದಿದೀನಿ.