ಅಪ್ಪನ ಎದೆಯಲ್ಲಿ ಪಂಪ್ ಇದೆ, ರಕ್ತ ಹೆಪ್ಪುಗಟ್ಟದಂತೆ ಏನು ನೋಡಿಕೊಳ್ಳಬೇಕು?

ಪ್ರಶ್ನೆ (ಚಿಂತಾಮಣಿ ಹತ್ತಿರದ ಹಳ್ಳಿಯಿಂದ): ನಮಸ್ಕಾರ ಡಾಕ್ಟ್ರೇ. ನಮ್ಮಪ್ಪನ ಹೃದಯ ಸೋತಿದೆ ಅಂತ ಅದರ ಬದಲು ರಕ್ತ ತಳ್ಳೋ ಹಾರ್ಟ್‌ಮೇಟ್ 3 ಪಂಪ್ ಹಾಕಿ ಮೂರು ತಿಂಗಳಾಯ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ಮಾತ್ರೆ ನಡೀತಿದೆ. ಪಂಪಿನೊಳಗೆ ರಕ್ತ ಹೆಪ್ಪುಗಟ್ಟಬಹುದು ಅಂದಿದ್ದಾರೆ. ರಕ್ತ ಸದಾ ಓಡ್ತಾನೇ ಇರುತ್ತಲ್ಲ, ಹೆಪ್ಪುಗಟ್ಟೋದು ಹೇಗೆ?

ಉತ್ತರ: ಓಡುತ್ತದೆ, ಆದರೆ ಎಲ್ಲ ಕಡೆ ಒಂದೇ ವೇಗದಲ್ಲಲ್ಲ. ಸಂದುಗೊಂದುಗಳಲ್ಲಿ ನಿಧಾನವಾದರೆ ಅಲ್ಲೇ ಹೆಪ್ಪು ಕೂರುತ್ತದೆ. ಹಳೆಯ ಹಾರ್ಟ್‌ಮೇಟ್ 2ರ ಚಕ್ರ ಬೇರಿಂಗ್ ಮೇಲೆ ತಿರುಗುತ್ತಿತ್ತು. ಆ ಬೇರಿಂಗ್ ಸುತ್ತ ಹೆಪ್ಪು ಕಟ್ಟುವುದೇ ದೊಡ್ಡ ತಲೆನೋವಾಗಿತ್ತು. ನಿಮ್ಮಪ್ಪನ ಪಂಪಿನಲ್ಲಿ ಬೇರಿಂಗೇ ಇಲ್ಲ. ಚಕ್ರ ಅಯಸ್ಕಾಂತದ ಬಲದಲ್ಲಿ ತೇಲುತ್ತದೆ. ಜೊತೆಗೆ 2 ಸೆಕೆಂಡಿಗೊಮ್ಮೆ ವೇಗ ಇಳಿಸಿ ಏರಿಸಿ ಒಳಗೆ ತಾನೇ ತೊಳೆದುಕೊಳ್ಳುತ್ತದೆ. ಹಾಗಾಗಿ ಪಂಪಿನೊಳಗೆ ಹೆಪ್ಪು ಈಗ ಅಪರೂಪ. ಹಾಗಂತ ಒಂದು ದಿನವೂ ವಾರ್ಫರಿನ್ ತಪ್ಪಿಸಬೇಡಿ.

ನಿಮ್ಮ ಕಡೆ ಸಾವಿರ ಅಡಿ ಬೋರ್ ಕೊರೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟಾರಿಗೆ ಮರಳು ಸಿಕ್ಕಿಕೊಂಡರೆ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಆಂಪಿಯರ್ ಮುಳ್ಳು ಏರುತ್ತೆ, ಅಲ್ವಾ? ಇಲ್ಲೂ ಹಾಗೇ. ಅಪ್ಪನ ಸೊಂಟದಲ್ಲಿರುವ ಕಂಟ್ರೋಲರ್ ಪೆಟ್ಟಿಗೆಯಲ್ಲಿ ವಾಟ್ಸ್, ಅಂದರೆ ಪಂಪ್ ಎಳೆಯುವ ವಿದ್ಯುತ್, ಎಷ್ಟಿದೆ ಅಂತ ದಿನಾ ಬೆಳಿಗ್ಗೆ ನೋಟ್‌ಬುಕ್‌ನಲ್ಲಿ ಬರೆದಿಡಿ. ಏರುತ್ತಾ ಹೋದರೆ ಫೋನ್ ಮಾಡಿ. ಆಗ ಫ್ಲೋ, ಅಂದರೆ ರಕ್ತ ಹರಿಯುವ ಪ್ರಮಾಣ, ಕೂಡ ಜಾಸ್ತಿ ತೋರಿಸಬಹುದು. ಅದನ್ನು ನೋಡಿ ಸಮಾಧಾನ ಪಡಬೇಡಿ. ಫ್ಲೋ ಅಳೆದದ್ದಲ್ಲ, ವಾಟ್ಸ್‌ನಿಂದ ಲೆಕ್ಕ ಹಾಕಿದ್ದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.

ಪ್ರಶ್ನೆ: ಮಸ್ಸೊಪ್ಪು ಇಲ್ಲದೆ ಅಪ್ಪ ಮುದ್ದೆ ಮುಟ್ಟಲ್ಲ. ಸೊಪ್ಪು ನಿಲ್ಲಿಸಬೇಕಾ? ಆಸ್ಪಿರಿನ್ನೂ ಬೇಕು ಅಂತ ಎಲ್ಲೋ ಓದಿದೆ, ನಮಗೆ ಕೊಟ್ಟಿಲ್ಲ.

ಉತ್ತರ: ಸೊಪ್ಪು ಬಿಡಿಸಬೇಡಿ. ಅದರಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ತೊಂದರೆ ಕೊಡುವುದು ಏರುಪೇರು. ವಾರವೆಲ್ಲ ಬಿಟ್ಟು ಭಾನುವಾರ ತಟ್ಟೆ ತುಂಬ ನುಗ್ಗೆಸೊಪ್ಪು ತಿಂದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಕುಸಿಯುತ್ತದೆ, ಅಂದರೆ ಹೆಪ್ಪು ಬೇಗ ಕಟ್ಟುತ್ತದೆ. ದಿನಾ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಡಾಕ್ಟರು ಅದಕ್ಕೆ ಹೊಂದುವಂತೆ ಮಾತ್ರೆ ಕೊಟ್ಟು ಐಎನ್‌ಆರ್ ಅನ್ನು ಸಾಮಾನ್ಯವಾಗಿ 2ರಿಂದ 3ರೊಳಗೆ ಇಡುತ್ತಾರೆ.

ಆಸ್ಪಿರಿನ್ ಮೊದಲು ಎಲ್ಲರಿಗೂ ಕೊಡುತ್ತಿದ್ದರು. ಇದೇ ಪಂಪ್ ಹಾಕಿದವರಲ್ಲಿ ನಡೆಸಿದ ಅಧ್ಯಯನವೊಂದು 2023ರಲ್ಲಿ ಬಂತು. ಆಸ್ಪಿರಿನ್ ಬಿಟ್ಟವರಲ್ಲಿ ಹೆಪ್ಪು ಹೆಚ್ಚಾಗಲಿಲ್ಲ, ರಕ್ತಸ್ರಾವ ಕಡಿಮೆಯಾಯಿತು. ಪಂಪಿನ ರಭಸಕ್ಕೆ ರಕ್ತ ಕಟ್ಟಲು ಬೇಕಾದ ಒಂದು ಪ್ರೋಟೀನ್ ತುಂಡಾಗುತ್ತದೆ. ಅದಕ್ಕೇ ಇವರಿಗೆ ಕರುಳಿನಲ್ಲಿ ರಕ್ತ ಸೋರುವ ಭಯವೂ ಇದೆ. ಮಲ ಕಪ್ಪಗಾದರೆ ತಿಳಿಸಿ. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ಕೊಡಬೇಡಿ, ದಯವಿಟ್ಟು.

ಪ್ರಶ್ನೆ: ಕೊನೇದು, ಸರ್. ಇಲ್ಲಿಯ ನರ್ಸ್‌ಗೆ ಅಪ್ಪನ ನಾಡಿ ಸಿಗದೆ ಗಾಬರಿಯಾದರು.

ಉತ್ತರ: ಈ ಪಂಪ್ ರಕ್ತವನ್ನು ಬಿಟ್ಟು ಬಿಟ್ಟು ತಳ್ಳುವುದಿಲ್ಲ, ಒಂದೇ ಸಮನೆ ಹರಿಸುತ್ತದೆ. ಅದಕ್ಕೇ ನಾಡಿ ಸಿಗದೇ ಇರಬಹುದು, ಮಾಮೂಲಿ ಬಿಪಿ ಮಿಷನ್ನೂ ಸೋಲಬಹುದು. ಅಪ್ಪ ಆರಾಮಾಗಿ ಮಾತಾಡ್ತಿದ್ದರೆ ಹೆದರಬೇಡಿ. ಮುಂದಿನ ಸಲ ನರ್ಸ್‌ಗೆ ಹೇಳಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಲಿ. ಗುಂಯ್ ಅಂತ ಸದ್ದು ಬರುತ್ತಿದ್ದರೆ ಪಂಪ್ ನಡೀತಿದೆ.